ಹುಡುಕದೆ ಸಿಕ್ಕ ಗಡ್ಡೆ



ಸ್ಕ್ಯಾನಿಂಗ್ ವರದಿಯನ್ನು ನೀವು ಎಂದಾದರೂ ಕೊನೆಯ ಸಾಲಿನವರೆಗೆ ಓದಿಸಿಕೊಂಡಿದ್ದೀರಾ? ನಮ್ಮ ಕಡೆ ಪಕ್ಕೆ ಹಿಡಿದರೆ ಮೊದಲು ನೆನಪಾಗುವುದು ಕಿಡ್ನಿಯ ಹರಳು. ಮುನವಳ್ಳಿಯಿಂದ ಸವದತ್ತಿಗೆ, ಅಲ್ಲಾಗದಿದ್ದರೆ ಧಾರವಾಡಕ್ಕೋ ಬೆಳಗಾವಿಗೋ ಹೋಗಿ ಸ್ಕ್ಯಾನ್ ಮಾಡಿಸುತ್ತೇವೆ. ಹರಳು ಎಷ್ಟು ದೊಡ್ಡದು, ತಾನಾಗಿ ಬೀಳುತ್ತದೆಯೋ ಇಲ್ಲವೋ ಎಂದು ಕೇಳಿಕೊಳ್ಳುತ್ತೇವೆ. ಲಕೋಟೆ ಕಪಾಟಿನ ಮೇಲೆ ಹೋಗಿ ಕೂರುತ್ತದೆ. ಆದರೆ ಸಿ.ಟಿ. ಯಂತ್ರ ಹರಳನ್ನಷ್ಟೇ ನೋಡಿ ಕಣ್ಣು ಮುಚ್ಚಿಕೊಳ್ಳುವುದಿಲ್ಲವಲ್ಲ! ಹೊಟ್ಟೆಯೊಳಗಿನ ಎಲ್ಲವನ್ನೂ ಅದು ತೋರಿಸುತ್ತದೆ. ಹೀಗಾಗಿ ಕೆಲವರ ವರದಿಯ ಕೊನೆಯಲ್ಲಿ ಇನ್ನೊಂದು ಸಾಲು ಇರುತ್ತದೆ: ಎಡಗಡೆಯ ಅಡ್ರಿನಲ್ ಗ್ರಂಥಿಯಲ್ಲಿ 2 ಸೆಂ.ಮೀ. ಗಂಟು. ಅಥವಾ, ಮೇದೋಜೀರಕದ ಬಾಲದಲ್ಲಿ ನೀರುಗುಳ್ಳೆ.

ನಾನು ವೈದ್ಯೆಯಲ್ಲ, ಪಾಠ ಹೇಳುವವಳು. ಊರಲ್ಲಿ ಇಂಗ್ಲಿಷ್ ಓದಬಲ್ಲ ಟೀಚರ್ ಎಂದಮೇಲೆ ಬ್ಯಾಂಕಿನ ಪತ್ರದಿಂದ ಹಿಡಿದು ರಕ್ತದ ರಿಪೋರ್ಟಿನವರೆಗೆ ಎಲ್ಲವೂ ನಮ್ಮ ಜಗುಲಿಗೆ ಬರುತ್ತವೆ. ಓದಿ ಹೇಳಬಹುದು, ಅರ್ಥ ಮಾಡಿಸುವುದು ಕಷ್ಟ. ಅದಕ್ಕೇ ಈ ವಿಷಯವನ್ನು ತಿಳಿದವರಿಂದ ಕೇಳಿ, ಓದಿ, ನಿಮ್ಮ ಮುಂದೆ ಇಡುತ್ತಿದ್ದೇನೆ.

ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿದಾಗ ಆಕಸ್ಮಿಕವಾಗಿ ಕಂಡ ಗಡ್ಡೆಗೆ ವೈದ್ಯರು 'ಇನ್ಸಿಡೆಂಟಲೋಮಾ' ಎಂದು ಹೆಸರಿಟ್ಟಿದ್ದಾರೆ. 1982ರಲ್ಲಿ ಅಡ್ರಿನಲ್ ಗಡ್ಡೆಗಳ ಕುರಿತ ಒಂದು ವೈದ್ಯಕೀಯ ಲೇಖನದಿಂದ ಈ ಹೆಸರು ಚಾಲ್ತಿಗೆ ಬಂತು. ಸಿ.ಟಿ. ಯಂತ್ರದಲ್ಲಿ ಮೊದಲ ರೋಗಿಯನ್ನು ಪರೀಕ್ಷಿಸಿದ್ದು 1971ರಲ್ಲಿ. ಅಂದರೆ ಯಂತ್ರ ಬಂದು ಹನ್ನೊಂದೇ ವರ್ಷಗಳಲ್ಲಿ ಹುಡುಕದೆ ಸಿಗುವ ಗಡ್ಡೆಗಳಿಗೊಂದು ಪ್ರತ್ಯೇಕ ಹೆಸರು ಬೇಕಾಯಿತು. ಗಡ್ಡೆಗಳು ಮೊದಲೂ ಇದ್ದವು. ನಮ್ಮ ಅಜ್ಜಿಯರು ಅವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಎಂಬತ್ತು ವರ್ಷ ರೊಟ್ಟಿ ಬಡಿದು ಹೋದರು.

ಮೊದಲು ಅಡ್ರಿನಲ್ ಗ್ರಂಥಿಯ ವಿಷಯ. ಪ್ರತಿ ಕಿಡ್ನಿಯ ನೆತ್ತಿಯ ಮೇಲೆ ಟೋಪಿಯಂತೆ ಒಂದೊಂದು ಗ್ರಂಥಿ ಇದೆ. ತೂಕ ನಾಲ್ಕೈದು ಗ್ರಾಂ ಅಷ್ಟೇ. ರಕ್ತದೊತ್ತಡ, ಉಪ್ಪು-ನೀರಿನ ಲೆಕ್ಕ, ಹೆದರಿದಾಗ ಎದೆ ಬಡಿದುಕೊಳ್ಳುವುದು, ಜ್ವರ ಬಂದಾಗ ದೇಹ ತಡೆದುಕೊಳ್ಳುವುದು, ಇವೆಲ್ಲ ಅದರ ರಸಗಳ ಕೆಲಸ. ಐವತ್ತರ ಆಸುಪಾಸಿನಲ್ಲಿ ನೂರರಲ್ಲಿ ಸುಮಾರು ಮೂವರಿಗೆ, ಮುಪ್ಪಿನಲ್ಲಿ ನೂರರಲ್ಲಿ ಹತ್ತು ಜನರವರೆಗೂ ಇದರಲ್ಲಿ ಗಂಟು ಕಾಣುತ್ತದೆ. ಅವುಗಳಲ್ಲಿ ಹೆಚ್ಚಿನವು ಏನೂ ಮಾಡದೆ ಸುಮ್ಮನಿರುವ ಗಂಟುಗಳು.

ವೈದ್ಯರು ಕೇಳಿಕೊಳ್ಳುವುದು ಎರಡು ಪ್ರಶ್ನೆ. ಇದು ಕ್ಯಾನ್ಸರೇ? ಇದು ರಸವನ್ನು ಅತಿಯಾಗಿ ಸುರಿಸುತ್ತಿದೆಯೇ?

ಮೊದಲ ಪ್ರಶ್ನೆಗೆ ಬಹಳ ಸಲ ಸ್ಕ್ಯಾನ್ ಒಂದೇ ಉತ್ತರ ಕೊಡುತ್ತದೆ. ವರದಿಯಲ್ಲಿ 'ಎಚ್.ಯು.' ಎಂದೊಂದು ಅಂಕಿ ಇರುತ್ತದೆ. ಸಿ.ಟಿ. ಯಂತ್ರ ಕಂಡುಹಿಡಿದು 1979ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡ ಹೌನ್ಸ್‌ಫೀಲ್ಡ್ ಅವರ ಹೆಸರಿನ ಅಳತೆ ಅದು. ನೀರಿಗೆ ಸೊನ್ನೆ. ಕೊಬ್ಬು ಸೊನ್ನೆಗಿಂತ ಕೆಳಗೆ. ಅಡ್ರಿನಲ್ ತನ್ನ ರಸವನ್ನು ತಯಾರಿಸುವುದು ಕೊಬ್ಬಿನಂಥ ವಸ್ತುವಿನಿಂದ, ಹಾಗಾಗಿ ಅಲ್ಲಿಯ ಸಾಧಾರಣ ಗಂಟಿನೊಳಗೆ ಕೊಬ್ಬು ತುಂಬಿರುತ್ತದೆ. ಔಷಧಿ ಚುಚ್ಚದೆ ತೆಗೆದ ಸಿ.ಟಿ.ಯಲ್ಲಿ ಗಂಟು ಒಂದೇ ಸಮನಾಗಿದ್ದು ಅಂಕಿ 10 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅದು ನಿರುಪದ್ರವಿ. ವರ್ಷ ವರ್ಷ ಮತ್ತೆ ಸ್ಕ್ಯಾನ್ ಮಾಡಿಸುತ್ತಾ ಕೂರುವ ಅಗತ್ಯವಿಲ್ಲ. ಗಂಟು 4 ಸೆಂ.ಮೀ. ಮೀರಿ, ಅಂಕಿಯೂ ಹೆಚ್ಚಿದ್ದು, ಒಳಗೆ ಚೂರು ಚೂರಾಗಿ ಕಂಡರೆ ಮಾತ್ರ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಎರಡೂ ಕಡೆ ಗ್ರಂಥಿ ಊದಿದ್ದರೆ ನಮ್ಮ ದೇಶದಲ್ಲಿ ಕ್ಷಯವನ್ನೂ ಒಂದು ಬಗೆಯ ಶಿಲೀಂಧ್ರದ ಸೋಂಕನ್ನೂ ನೆನೆಯಲೇಬೇಕು. ಅವು ಮಾತ್ರೆಯಿಂದ ವಾಸಿಯಾಗುವಂಥವು.

ಎರಡನೆಯ ಪ್ರಶ್ನೆಯನ್ನೇ ನಮ್ಮ ಮನೆಗಳಲ್ಲಿ ಬಿಟ್ಟುಬಿಡುತ್ತಾರೆ. ಕ್ಯಾನ್ಸರ್ ಅಲ್ಲ ಎಂದೊಡನೆ "ಅಲ್‌ಹಮ್ದುಲಿಲ್ಲಾಹ್, ಮುಗಿಯಿತು" ಎಂದುಕೊಂಡು ಬಸ್ಸು ಹತ್ತುತ್ತೇವೆ. ಮುಗಿದಿರುವುದಿಲ್ಲ.

ನಮ್ಮ ಓಣಿಯ ಒಬ್ಬ ಸಹೋದರಿಯ ಸಂಗತಿ ಹೇಳುತ್ತೇನೆ. ವಯಸ್ಸು ನಲವತ್ತೈದು ದಾಟಿದೆ. ಹರಳಿಗಾಗಿ ಸ್ಕ್ಯಾನ್ ಮಾಡಿಸಿದಾಗ ಅಡ್ರಿನಲ್ ಗಂಟು ಕಂಡಿತು. ಮನೆಯಲ್ಲಿ ಎರಡು ಪಕ್ಷವಾಯಿತು. ಅತ್ತೆಯವರು ಗಡ್ಡೆ ಎಂಬ ಮಾತು ಕೇಳಿಯೇ ಅಳಲು ಕೂತರು. ಗಂಡ ಮಾತ್ರ, "ಡಾಕ್ಟರು ಹರಳಿಗೆ ಔಷಧ ಬರೆದಾರಲ್ಲ, ಇನ್ನೇನು" ಎಂದರು. ಮಗಳ ನಿಕಾಹ್‌ಗೆ ಎತ್ತಿಟ್ಟ ಹಣದ ಮೇಲೆ ಎಲ್ಲರ ಕಣ್ಣು. ವರದಿ ಆರು ತಿಂಗಳು ಟ್ರಂಕಿನಲ್ಲಿತ್ತು. ಆಕೆಗೆ ಬಿ.ಪಿ. ಇತ್ತು. ಮೂರು ಬಗೆಯ ಮಾತ್ರೆ ನುಂಗಿದರೂ ಇಳಿಯುತ್ತಿರಲಿಲ್ಲ. ಚಿಂತೆ ಮಾಡಬೇಡ ಎಂಬ ಸಲಹೆಯೇ ನಾಲ್ಕನೆಯ ಮಾತ್ರೆಯಾಗಿತ್ತು. ಕಾಲಿನಲ್ಲಿ ಶಕ್ತಿಯಿಲ್ಲ, ನೀರು ಸೇದಲಾಗುತ್ತಿಲ್ಲ ಎಂದರೆ ವಯಸ್ಸು ಎನ್ನುತ್ತಿದ್ದರು. ಕೊನೆಗೆ ಹಾರ್ಮೋನಿನ ವೈದ್ಯರು ರಕ್ತ ನೋಡಿದಾಗ ಪೊಟ್ಯಾಸಿಯಂ ಬಹಳ ಇಳಿದಿತ್ತು. ಗಂಟು ಆಲ್ಡೋಸ್ಟೀರಾನ್ ಎಂಬ ರಸವನ್ನು ಸುರಿಸುತ್ತಿತ್ತು. ಉಪ್ಪನ್ನು ದೇಹದಲ್ಲಿ ಹಿಡಿದಿಟ್ಟು ಪೊಟ್ಯಾಸಿಯಂ ಹೊರಹಾಕುವುದು ಅದರ ಕೆಲಸ. ಕಾನ್ ಎಂಬ ವೈದ್ಯರು 1955ರಲ್ಲಿ ವಿವರಿಸಿದ ಕಾಯಿಲೆ ಇದು. ಒಂದೇ ಕಡೆಯಿದ್ದರೆ ಶಸ್ತ್ರಚಿಕಿತ್ಸೆ, ಎರಡೂ ಕಡೆಯಿದ್ದರೆ ಸೂಕ್ತ ಮಾತ್ರೆ. ಆಕೆಗೆ ಸಣ್ಣ ರಂಧ್ರಗಳ ಮೂಲಕ ಶಸ್ತ್ರಚಿಕಿತ್ಸೆ ಆಯಿತು. ಈಗ ಬಿ.ಪಿ.ಗೆ ಒಂದು ಮಾತ್ರೆ ಸಾಕಾಗುತ್ತಿದೆ. ನಿಕಾಹ್ ನಾಲ್ಕು ತಿಂಗಳು ಮುಂದೆ ಹೋಯಿತು, ಬೀಗರು ಏನೂ ಅನ್ನಲಿಲ್ಲ.

ಇನ್ನೊಂದು ರಸ ಕಾರ್ಟಿಸೋಲ್. ಅದು ಹೆಚ್ಚಾದರೆ ಮುಖ ದುಂಡಗಾಗುತ್ತದೆ, ಚರ್ಮ ತೆಳುವಾಗಿ ಸಣ್ಣ ಏಟಿಗೂ ನೀಲಿಗಟ್ಟುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ, ಮೂಳೆ ಸವೆಯುತ್ತದೆ. ಪರೀಕ್ಷೆ ಸುಲಭ. ರಾತ್ರಿ 11ರ ಸುಮಾರಿಗೆ 1 ಮಿ.ಗ್ರಾಂ ಡೆಕ್ಸಾಮೆಥಾಸೋನ್ ಮಾತ್ರೆ ನುಂಗಿ ಬೆಳಿಗ್ಗೆ ಎಂಟಕ್ಕೆ ರಕ್ತ ಕೊಡಬೇಕು. ಕಾರ್ಟಿಸೋಲ್ 1.8ಕ್ಕಿಂತ ಮೇಲೆ ಹೋಗದಿದ್ದರೆ ಚಿಂತೆಯಿಲ್ಲ. ಇಲ್ಲಿ ಒಂದು ಮಾತು. ಮಂಡಿನೋವಿಗೆ, ದಮ್ಮಿಗೆ ಎಂದು ಸಂತೆಯಲ್ಲಿ ಹೆಸರಿಲ್ಲದ ಪುಡಿ ಕೊಳ್ಳುತ್ತೀರಲ್ಲ, ಅಂಥ ಎಷ್ಟೋ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಗಂಟಿಲ್ಲದೆಯೂ ಅದರಿಂದ ಇದೇ ದುಂಡುಮುಖ ಬರುತ್ತದೆ, ಪರೀಕ್ಷೆಯ ಲೆಕ್ಕವೂ ತಪ್ಪುತ್ತದೆ. ಪುಡಿ ತಿಂದಿದ್ದರೆ ವೈದ್ಯರ ಮುಂದೆ ಮುಚ್ಚಿಡಬೇಡಿ.

ಮೂರನೆಯದು ಅಪರೂಪ, ಆದರೆ ಅಪಾಯಕಾರಿ. ಫಿಯೋಕ್ರೊಮೊಸೈಟೋಮಾ ಎಂದು ಹೆಸರು. ಗಂಟು ಅಡ್ರಿನಲಿನ್ ಬಗೆಯ ರಸ ಸುರಿಸುತ್ತದೆ. ಇದ್ದಕ್ಕಿದ್ದಂತೆ ತಲೆ ಸಿಡಿಯುವುದು, ಬೆವರುವುದು, ಎದೆ ಹಾರುವುದು, ಸ್ವಲ್ಪ ಹೊತ್ತಿಗೆ ಎಲ್ಲ ಸರಿಯಾಗುವುದು. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಲು ಹೋಗುವುದು ಇಂಥದ್ದಕ್ಕೇ. ಹೆರಿಗೆ, ಅರಿವಳಿಕೆ, ವಾಂತಿ ನಿಲ್ಲಿಸಲು ಕೊಡುವ ಕೆಲವು ಇಂಜೆಕ್ಷನ್, ಇವು ಅದನ್ನು ಕೆರಳಿಸಿ ಪ್ರಾಣಕ್ಕೆ ತರಬಹುದು. ಆದ್ದರಿಂದ ಎಚ್.ಯು. 10ಕ್ಕಿಂತ ಹೆಚ್ಚಿರುವ ಅಡ್ರಿನಲ್ ಗಂಟಿಗೆ ಮೆಟನೆಫ್ರಿನ್ ಪರೀಕ್ಷೆ ಆಗದೆ ಸೂಜಿ ಚುಚ್ಚಿಸಬಾರದು, ಶಸ್ತ್ರಚಿಕಿತ್ಸೆಗೂ ಒಪ್ಪಬಾರದು. ರೋಗ ಇದೆಯೆಂದಾದರೆ ಒಂದೆರಡು ವಾರ ಮಾತ್ರೆ ಕೊಟ್ಟು ರಕ್ತನಾಳಗಳನ್ನು ಸಡಿಲಿಸಿ ಆಮೇಲೆ ಗಡ್ಡೆ ತೆಗೆಯುತ್ತಾರೆ.

ಇನ್ನು ಮೇದೋಜೀರಕ. ಉರ್ದುವಿನಲ್ಲಿ ಲಬ್ಲಬಾ ಎನ್ನುತ್ತೇವೆ. ಜಠರದ ಹಿಂದೆ ಅಡ್ಡಲಾಗಿ ಮಲಗಿರುವ, ಗೇಣಿಗಿಂತ ಸ್ವಲ್ಪ ಚಿಕ್ಕ ಗ್ರಂಥಿ. ಇನ್ಸುಲಿನ್ ಬರುವುದು ಇಲ್ಲಿಂದ. ಇದರ ಹೆಸರು ಕೇಳಿದರೆ ಜನ ಬೆದರುವುದು ಸಹಜ. ನೆರೆಯ ಗೋವಾದ ಮುಖ್ಯಮಂತ್ರಿಯಾಗಿದ್ದ ಮನೋಹರ ಪರ್ರಿಕರ್ 2019ರ ಮಾರ್ಚ್‌ನಲ್ಲಿ ತೀರಿಕೊಂಡದ್ದು ಮೇದೋಜೀರಕದ ಕ್ಯಾನ್ಸರಿನಿಂದ. ಆ ಕ್ಯಾನ್ಸರ್ ಬಹುತೇಕ ತಡವಾಗಿಯೇ ಗೊತ್ತಾಗುತ್ತದೆ. ಆದರೆ ಬೇರೆ ಕಾರಣದ ಸ್ಕ್ಯಾನಿನಲ್ಲಿ ಕಾಣುವ ಹೆಚ್ಚಿನವು ನೀರುಗುಳ್ಳೆಗಳು, ಅದೂ ಹಲವು ಜಾತಿ.

ಹಿಂದೆ ಮೇದೋಜೀರಕ ಊದಿಕೊಂಡು ಆಸ್ಪತ್ರೆ ಸೇರಿದ್ದವರಿಗೆ ಉಳಿಯುವ ಗುಳ್ಳೆ ಗಡ್ಡೆಯೇ ಅಲ್ಲ. ಆ ಹಳೆಯ ಕಥೆ ಹೇಳದಿದ್ದರೆ ವೈದ್ಯರೂ ದಾರಿ ತಪ್ಪಬಹುದು. ಜೇನುಗೂಡಿನಂತೆ ಸಣ್ಣ ಸಣ್ಣ ಕೋಣೆಗಳಿರುವ, ತಿಳಿನೀರಿನ ಗುಳ್ಳೆ ಸಾಮಾನ್ಯವಾಗಿ ನಿರುಪದ್ರವಿ. ಲೋಳೆ ತುಂಬಿದ ಇನ್ನೊಂದು ಬಗೆ ಹೆಚ್ಚುಕಡಿಮೆ ಹೆಂಗಸರಿಗಷ್ಟೇ, ನಲವತ್ತು-ಐವತ್ತರ ವಯಸ್ಸಿನಲ್ಲಿ, ಗ್ರಂಥಿಯ ನಡು ಅಥವಾ ಬಾಲದಲ್ಲಿ ಬರುತ್ತದೆ. ದೊಡ್ಡದಾದರೆ ಅದನ್ನು ತೆಗೆಸುವುದು ಒಳ್ಳೆಯದು, ಮುಂದೆ ಕ್ಯಾನ್ಸರಿಗೆ ತಿರುಗುವ ಗುಣ ಅದಕ್ಕಿದೆ. ಗ್ರಂಥಿಯ ನಾಳದಲ್ಲೇ ಹುಟ್ಟುವ ಮತ್ತೊಂದು ಬಗೆಯಿದೆ. ಕವಲು ನಾಳದಲ್ಲಿದ್ದರೆ ಕಾದು ನೋಡುತ್ತಾರೆ. ಮುಖ್ಯ ನಾಳ 10 ಮಿ.ಮೀ. ಹಿಗ್ಗಿದ್ದರೆ, ಗೋಡೆಯಲ್ಲಿ ಗಂಟು ಬೆಳೆದಿದ್ದರೆ, ಕಾಮಾಲೆ ಕಂಡರೆ ಕಾಯುವುದಿಲ್ಲ.

ಮದುವೆಯ ವಯಸ್ಸಿನ ಹುಡುಗಿಯರಲ್ಲಿ, ಎಳೆಯ ತಾಯಂದಿರಲ್ಲಿ ಕಾಣುವ ಒಂದು ಗಟ್ಟಿ ಗಡ್ಡೆ ಇದೆ. ನೋಡಲು ದೊಡ್ಡದು, ಸ್ವಭಾವ ಸಾಧು. ಪೂರ್ತಿ ತೆಗೆದರೆ ಬಹುತೇಕ ಎಲ್ಲರೂ ಗುಣವಾಗುತ್ತಾರೆ. ಹೊಟ್ಟೆಯ ಮೇಲೆ ಗಾಯದ ಗುರುತು ಬಿದ್ದರೆ ಸಂಬಂಧ ಕೂಡಿಬರುವುದಿಲ್ಲ ಎಂದು ಆಪರೇಷನ್ ಮುಂದೂಡುವ ತಾಯಂದಿರೇ, ಗಡ್ಡೆಗೆ ಆ ಲೆಕ್ಕ ತಿಳಿಯುವುದಿಲ್ಲ.

ಹಾರ್ಮೋನು ಕೋಶಗಳಿಂದ ಹುಟ್ಟುವ ನ್ಯೂರೋಎಂಡೋಕ್ರೈನ್ ಗಡ್ಡೆ ಬೇರೆಯೇ. ನಟ ಇರ್ಫಾನ್ ಖಾನ್ 2018ರಲ್ಲಿ ತಮಗೆ ಈ ಜಾತಿಯ ಗಡ್ಡೆ ಇದೆಯೆಂದು ತಿಳಿಸಿದಾಗ ಈ ಹೆಸರು ನಮ್ಮ ಮನೆಗಳಿಗೂ ಬಂತು. ಆಕಸ್ಮಿಕವಾಗಿ ಸಿಕ್ಕಿದ ಪ್ರಸಿದ್ಧ ಪ್ರಕರಣವೆಂದರೆ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅವರದು. 2003ರ ಅಕ್ಟೋಬರ್‌ನಲ್ಲಿ ಕಿಡ್ನಿಗಾಗಿ ಮಾಡಿದ ಸ್ಕ್ಯಾನಿನಲ್ಲಿ ಮೇದೋಜೀರಕದ ಗಡ್ಡೆ ಕಂಡಿತು. ವೈದ್ಯರು ತೆಗೆಸಿ ಎಂದರು. ಅವರು ಪಥ್ಯ, ಇತರ ಪದ್ಧತಿಗಳೆಂದು ಒಂಬತ್ತು ತಿಂಗಳು ಕಳೆದು 2004ರ ಜುಲೈನಲ್ಲಿ ಶಸ್ತ್ರಚಿಕಿತ್ಸೆಗೆ ಒಪ್ಪಿದರು. 2009ರಲ್ಲಿ ಯಕೃತ್ತಿನ ಕಸಿಯಾಯಿತು, 2011ರ ಅಕ್ಟೋಬರ್ 5ರಂದು ತೀರಿಕೊಂಡರು. ಆ ಒಂಬತ್ತು ತಿಂಗಳಿಂದಲೇ ಹೀಗಾಯಿತೆಂದು ಯಾರೂ ಖಚಿತವಾಗಿ ಹೇಳಲಾರರು. ಇತ್ತೀಚೆಗೆ 2 ಸೆಂ.ಮೀ.ಗಿಂತ ಚಿಕ್ಕದಾದ, ಯಾವ ರಸವನ್ನೂ ಸುರಿಸದ ಇಂಥ ಗಡ್ಡೆಯನ್ನು ಕೆಲವರಲ್ಲಿ ತೆಗೆಯದೆ ಗಮನಿಸುವುದೂ ಇದೆ. ಆದರೆ ವೈದ್ಯರು ಲೆಕ್ಕವಿಟ್ಟು ಕಾಯುವುದು ಬೇರೆ, ನಾವು ಹೆದರಿ ಮುಂದೂಡುವುದು ಬೇರೆ.

ಮೇದೋಜೀರಕವನ್ನು ಸಾಮಾನ್ಯ ಸೋನೋಗ್ರಫಿ ಸರಿಯಾಗಿ ತೋರಿಸಲಾರದು, ಕರುಳಿನ ಗಾಳಿ ಅಡ್ಡ ಬರುತ್ತದೆ. ಅದಕ್ಕೆಂದೇ ಮಾಡುವ ಸಿ.ಟಿ., ಎಂ.ಆರ್.ಐ., ಕೆಲವೊಮ್ಮೆ ಬಾಯಿಯ ಮೂಲಕ ನಳಿಕೆ ಇಳಿಸಿ ಮಾಡುವ ಸೋನೋಗ್ರಫಿ ಬೇಕಾಗುತ್ತದೆ. ಶಸ್ತ್ರಚಿಕಿತ್ಸೆ ದೊಡ್ಡದು. ಇಂಥ ಆಪರೇಷನ್ ವರ್ಷಕ್ಕೆ ಎಷ್ಟು ಮಾಡುತ್ತೀರಿ ಎಂದು ಕೇಳಲು ನಾಚಬೇಡಿ, ಹೆಚ್ಚು ಮಾಡುವ ಕಡೆ ಫಲಿತಾಂಶ ಚೆನ್ನಾಗಿರುತ್ತದೆ. ಬಾಲದ ಭಾಗ ತೆಗೆಯುವಾಗ ಗುಲ್ಮವನ್ನೂ ತೆಗೆಯಬೇಕಾದರೆ ಮೊದಲೇ ಲಸಿಕೆ ಹಾಕಿಸಿಕೊಳ್ಳಬೇಕು.

ಒಬ್ಬರಲ್ಲೇ ಎರಡೂ ಕಡೆ, ಮೇದೋಜೀರಕದಲ್ಲೂ ಅಡ್ರಿನಲ್‌ನಲ್ಲೂ, ಗಡ್ಡೆ ಕಂಡರೆ? ಬೇರೆ ಬೇರೆಯಾಗಿ ಬಂದು ಒಟ್ಟಿಗೆ ಕಂಡಿರಬಹುದು. ಆದರೆ ಅಪರೂಪಕ್ಕೆ ವಂಶದಲ್ಲಿ ಹರಿದುಬರುವ ಕಾಯಿಲೆಯೂ ಇರಬಹುದು. 'ಮೆನ್-1' ಎಂಬುದರಲ್ಲಿ ಕ್ಯಾಲ್ಸಿಯಂ ಏರಿ ಮತ್ತೆ ಮತ್ತೆ ಹರಳು ಕಟ್ಟುತ್ತದೆ. ಹರಳಿಗೆ ಹೋದವರು ಒಮ್ಮೆ ಕ್ಯಾಲ್ಸಿಯಂ ನೋಡಿಸಿದರೆ ಒಳ್ಳೆಯದು ಎನ್ನುವುದು ಇದಕ್ಕೇ. 'ವಿ.ಎಚ್.ಎಲ್.' ಎಂಬುದರಲ್ಲಿ ಕಣ್ಣು, ಮಿದುಳು, ಕಿಡ್ನಿಗಳಲ್ಲೂ ಗಡ್ಡೆಗಳಿರಬಹುದು. ತಂದೆ ಅಥವಾ ತಾಯಿ, ಯಾರೊಬ್ಬರಲ್ಲಿದ್ದರೂ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಸೋದರಸಂಬಂಧದ ಮದುವೆಯಿಂದ ಬಂತೆಂದು ಸೊಸೆಯ ತವರನ್ನು ಬೈಯುವವರು ಈ ಮಾತು ಗಮನಿಸಲಿ. ಆ ಮದುವೆಗೂ ಈ ಕಾಯಿಲೆಗೂ ನಂಟಿಲ್ಲ. ಮಗನ ಕಡೆಯಿಂದಲೂ ಬಂದಿರಬಹುದು.

ಖರ್ಚಿನ ಮಾತು. ಬಿ.ಪಿ.ಎಲ್. ಪಡಿತರ ಚೀಟಿ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆಯ ಅವಕಾಶವಿದೆ. ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಪಡೆಯಿರಿ, ಯಾವ ಪರೀಕ್ಷೆಗೆ ಕೈಯಿಂದ ಕೊಡಬೇಕಾಗುತ್ತದೆ ಎಂದೂ ಮೊದಲೇ ಕೇಳಿ. ವರದಿಯ ಜೊತೆ ಸ್ಕ್ಯಾನಿನ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಮುಂದಿನ ವರ್ಷ ಗಂಟು ಬೆಳೆದಿದೆಯೇ ಎಂದು ಹೋಲಿಸಲು ಅದೇ ಬೇಕು.

ಕಾರ್ಟಿಸೋಲ್ ಗಡ್ಡೆ ತೆಗೆಸಿಕೊಂಡವರಿಗೆ ಇನ್ನೊಂದು ಎಚ್ಚರಿಕೆ. ಉಳಿದ ಗ್ರಂಥಿ ಎಚ್ಚರಗೊಳ್ಳಲು ತಿಂಗಳುಗಳೇ ಹಿಡಿಯುತ್ತವೆ, ಅಲ್ಲಿಯವರೆಗೆ ಸ್ಟೀರಾಯ್ಡ್ ಮಾತ್ರೆ ನಡೆಯುತ್ತದೆ. ಅದನ್ನು ಒಂದು ದಿನವೂ ಬಿಡುವಂತಿಲ್ಲ. ಜ್ವರ ಬಂದರೆ ವೈದ್ಯರು ಹೇಳಿದಂತೆ ಹೆಚ್ಚಿಸಬೇಕು. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತೆಗೆದುಕೊಳ್ಳಬೇಕು. ರಮಝಾನ್ ಹತ್ತಿರವಿದ್ದರೆ ತಿಂಗಳ ಮೊದಲೇ ವೈದ್ಯರನ್ನು ಕಂಡು ಉಪವಾಸ ಹಿಡಿಯಬಹುದೇ, ಹಿಡಿದರೆ ಸಹರಿಗೆ ಯಾವ ಮಾತ್ರೆ, ಇಫ್ತಾರಿಗೆ ಯಾವುದು ಎಂದು ಬರೆಸಿಕೊಳ್ಳಿ. ರೋಗಿಗೆ ರಿಯಾಯಿತಿ ಇರುವುದು ಎಲ್ಲರಿಗೂ ಗೊತ್ತು. ಆದರೂ ಮನೆಯವರು ಏನಂದಾರೋ ಎಂದು ಗುಟ್ಟಾಗಿ ಮಾತ್ರೆ ಬಿಟ್ಟು ಉಪವಾಸ ಹಿಡಿಯುವ ಹೆಂಗಸರಿದ್ದಾರೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಸಹರಿಯ ಹೊತ್ತಿಗೆ ಮಾತ್ರೆಯ ಡಬ್ಬಿಯನ್ನು ನೀವೇ ಅವರ ಕೈಗೆ ಕೊಡಿ.