ಚಿನ್ನಕ್ಕೆ ಮುದ್ರೆಯಿದೆ, ವಜ್ರಕ್ಕೆ?

ಅಮೆರಿಕದ ಮಹಿಳೆಯೊಬ್ಬರು ಜೈಪುರದ ಜೌಹರಿ ಬಜಾರ್‌ನ ಅಂಗಡಿಯೊಂದರಿಂದ ಎರಡು ವರ್ಷ ಆಭರಣ ಕೊಂಡರು. ಕೊಟ್ಟ ಹಣ ಸುಮಾರು 6 ಕೋಟಿ ರೂಪಾಯಿ. 2024ರಲ್ಲಿ ಅವನ್ನು ತಮ್ಮ ದೇಶದ ಪ್ರದರ್ಶನವೊಂದರಲ್ಲಿ ಇಟ್ಟಾಗ ಎಲ್ಲವೂ ನಕಲಿ ಎಂದು ಗೊತ್ತಾಯಿತು. ಮುನ್ನೂರು ರೂಪಾಯಿ ಬಾಳುವ ಸರಕನ್ನು ಕೋಟಿಗಳಿಗೆ ಮಾರಿದ್ದಾರೆಂದು ದೂರು ದಾಖಲಾಯಿತು. ಆಕೆ ಕಾಗದಪತ್ರ ಕೇಳದೆ ಕೊಂಡವರೇನಲ್ಲ. ಪ್ರತಿ ಒಡವೆಗೂ ಶುದ್ಧತೆಯ ಪ್ರಮಾಣಪತ್ರ ಇತ್ತು. ಪೊಲೀಸರು ಮೊದಲು ಹಿಡಿದವರಲ್ಲಿ ಆ ಪ್ರಮಾಣಪತ್ರ ಬರೆದುಕೊಟ್ಟವನೂ ಇದ್ದ.

ಮನೆಯ ಪಾಯ ತೋಡುವಾಗ ಬಂಗಾರ ಸಿಕ್ಕಿದೆ, ಅಗ್ಗಕ್ಕೆ ಕೊಡುತ್ತೇವೆ ಎಂದು ಹಿತ್ತಾಳೆ ಬಿಲ್ಲೆ ಕೊಟ್ಟು ಓಡಿಹೋದವರ ಸುದ್ದಿ ಕನ್ನಡದ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅಂಥ ಮೋಸಕ್ಕೆ ಈಗ ಜನ ಸ್ವಲ್ಪ ಎಚ್ಚೆತ್ತಿದ್ದಾರೆ. ವಜ್ರದ ಮೋಸ ಬೀದಿಯಲ್ಲಿ ನಡೆಯುವುದು ಕಡಿಮೆ. ಅದು ತಂಪಾದ ಮಳಿಗೆಯಲ್ಲಿ, ಕೂರಿಸಿ ಕಾಫಿ ಕೊಟ್ಟು, ಅಚ್ಚುಕಟ್ಟಾದ ಬಿಲ್ಲಿನ ಸಮೇತ ನಡೆಯುತ್ತದೆ.

ಮಗಳ ಮದುವೆಗೆ ವಜ್ರದ ಓಲೆ ಕೊಳ್ಳಲು ಹೋದ ತಾಯಿ ಮೊದಲು ಕೇಳುವ ಪ್ರಶ್ನೆ, ‘ಹಾಲ್‌ಮಾರ್ಕ್ ಇದೆಯಾ?’ ‘ಇದೆ ಅಮ್ಮ, ನೋಡಿ’ ಎಂದು ಮಾರುವವರು ಭೂತಗನ್ನಡಿ ಕೈಗಿಡುತ್ತಾರೆ. ಮುದ್ರೆ ನಿಜವೇ ಇರಬಹುದು. ಆದರೆ ಅದು ಚಿನ್ನದ ಬಗ್ಗೆ ಮಾತ್ರ ಮಾತಾಡುತ್ತದೆ, ಕಲ್ಲಿನ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಎಂಬ ಗುರುತಿನ ಸಂಖ್ಯೆ ಇಲ್ಲದೆ ಹಾಲ್‌ಮಾರ್ಕ್ ಚಿನ್ನದೊಡವೆ ಮಾರುವಂತಿಲ್ಲ. ಆ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ಗೆ ಹಾಕಿದರೆ ಶುದ್ಧತೆ ಎಷ್ಟು, ಪರೀಕ್ಷೆ ಮಾಡಿದ ಕೇಂದ್ರ ಯಾವುದು ಎಂಬುದೆಲ್ಲ ಬರುತ್ತದೆ. ಶುದ್ಧತೆ ಕಡಿಮೆಯಿದ್ದರೆ ವ್ಯತ್ಯಾಸದ ಎರಡು ಪಟ್ಟು ಪರಿಹಾರ ಕೊಡಬೇಕೆಂದು 2018ರ ಬಿಐಎಸ್ ನಿಯಮಗಳು ಹೇಳುತ್ತವೆ. ಅದೇ ಓಲೆಯಲ್ಲಿ ಚಿನ್ನಕ್ಕಿಂತ ಎಷ್ಟೋ ಪಾಲು ಹೆಚ್ಚು ಬೆಲೆಯ ಕಲ್ಲಿಗೆ ಇಂಥ ಕಡ್ಡಾಯ ಮುದ್ರೆ ಇಲ್ಲ. ಮುದ್ರೆಯ ಮೇಲಿನ ನಂಬಿಕೆ ಪಕ್ಕದ ಕಲ್ಲಿಗೂ ಹರಿದುಹೋಗುತ್ತದೆ. ಮೋಸ ನಡೆಯುವುದು ಈ ಜಾಗದಲ್ಲೇ.

ಕಲ್ಲುಗಳಲ್ಲಿ ಮೂರು ಬಗೆಯನ್ನು ಬೇರೆ ಮಾಡಿ ನೋಡಬೇಕು. ನಮ್ಮಲ್ಲಿ ‘ಅಮೆರಿಕನ್ ಡೈಮಂಡ್’ ಎಂದು ಕರೆಯುವುದು ಸಾಮಾನ್ಯವಾಗಿ ಕ್ಯೂಬಿಕ್ ಜಿರ್ಕೋನಿಯಾ. ಅದಕ್ಕೂ ವಜ್ರಕ್ಕೂ ಹೆಸರಿನ ಸಂಬಂಧ ಬಿಟ್ಟರೆ ಬೇರೆ ಸಂಬಂಧವಿಲ್ಲ. ಮೊಯ್ಸನೈಟ್ ಎಂಬುದು ಸಿಲಿಕಾನ್ ಕಾರ್ಬೈಡ್. ಅದು ಶಾಖವನ್ನು ವಜ್ರದಂತೆಯೇ ಬೇಗ ಹರಿಸುವುದರಿಂದ ಶಾಖ ಅಳೆಯುವ ಸಾಧಾರಣ ಟೆಸ್ಟರ್ ಅದನ್ನೂ ವಜ್ರವೆಂದೇ ತೋರಿಸುತ್ತದೆ. ಮೂರನೆಯದು ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ. ಅದು ನಕಲಿ ಅಲ್ಲವೇ ಅಲ್ಲ. ಅದೇ ಇಂಗಾಲ, ಅದೇ ಗಡಸುತನ, ಅದೇ ಹೊಳಪು. 2023ರ ಜೂನ್‌ನಲ್ಲಿ ಪ್ರಧಾನಿ ಮೋದಿ ಆಗಿನ ಅಮೆರಿಕ ಅಧ್ಯಕ್ಷರ ಪತ್ನಿ ಜಿಲ್ ಬೈಡನ್ ಅವರಿಗೆ ಕೊಟ್ಟ 7.5 ಕ್ಯಾರೆಟ್‌ನ ಉಡುಗೊರೆ ಇಂಥದ್ದೇ ವಜ್ರವಾಗಿತ್ತು, ಮತ್ತು ಅದನ್ನು ಹಾಗೆಂದೇ ಹೇಳಿ ಕೊಡಲಾಗಿತ್ತು.

ಹೇಳಿ ಮಾರಿದರೆ ಅದು ವ್ಯಾಪಾರ, ಹೇಳದೆ ಮಾರಿದರೆ ಮೋಸ. ಯಾಕೆಂದರೆ ಎರಡರ ಬೆಲೆಯ ನಡುವೆ ಅಜಗಜಾಂತರ. ಗಣಿಯ ವಜ್ರಕ್ಕೆ ಹೆಸರಾದ ಡಿ ಬಿಯರ್ಸ್ ಕಂಪನಿ 2018ರಲ್ಲಿ ‘ಲೈಟ್‌ಬಾಕ್ಸ್’ ಎಂಬ ಹೆಸರಿನಲ್ಲಿ ಲ್ಯಾಬ್ ವಜ್ರವನ್ನು ಕ್ಯಾರೆಟ್‌ಗೆ 800 ಡಾಲರ್‌ನಂತೆ ಮಾರತೊಡಗಿತು. ಬೆಲೆ ಕುಸಿಯುತ್ತಲೇ ಹೋಯಿತು, 2025ರಲ್ಲಿ ಆ ವ್ಯವಹಾರವನ್ನೇ ಮುಚ್ಚುವುದಾಗಿ ಕಂಪನಿ ಘೋಷಿಸಿತು. ಲ್ಯಾಬ್ ವಜ್ರವನ್ನು ಗಣಿ ವಜ್ರದ ಬೆಲೆಗೆ ಕೊಂಡವರ ಗತಿ ಮರುಮಾರಾಟದ ದಿನ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ.

ಈ ವ್ಯತ್ಯಾಸವನ್ನು ಮನೆಯಲ್ಲಿ ಕಂಡುಹಿಡಿಯಲು ಸಾಧ್ಯವಿಲ್ಲ. ಉಸಿರು ಊದಿ ಮಂಜು ಎಷ್ಟು ಬೇಗ ಹೋಗುತ್ತದೆಂದು ನೋಡುವುದು, ಪತ್ರಿಕೆಯ ಅಕ್ಷರದ ಮೇಲಿಟ್ಟು ಓದುವುದು ಇವೆಲ್ಲ ಗಾಜನ್ನು ಹಿಡಿದಾವು. ಲ್ಯಾಬ್ ವಜ್ರ ಈ ಎಲ್ಲ ಪರೀಕ್ಷೆಯಲ್ಲೂ ಪಾಸಾಗುತ್ತದೆ, ಅದು ವಜ್ರವೇ ಆಗಿರುವುದರಿಂದ. ನುರಿತ ಚಿನಿವಾರರ ಕಣ್ಣಿಗೂ ಅದು ಸಿಕ್ಕುವುದಿಲ್ಲ. ಅದಕ್ಕೆ ಪ್ರಯೋಗಾಲಯದ ಯಂತ್ರವೇ ಬೇಕು.

ಹಾಗಾಗಿ ಪ್ರಮಾಣಪತ್ರ ಬೇಕು. ಆದರೆ ಅದು ಯಾರು ಕೊಟ್ಟದ್ದು, ಯಾವಾಗ ಕೈಗೆ ಬಂದದ್ದು ಎಂಬುದೂ ಅಷ್ಟೇ ಮುಖ್ಯ. ವಜ್ರ ವ್ಯಾಪಾರಿ ನೀರವ್ ಮೋದಿಯಿಂದ ಎರಡು ಉಂಗುರ ಕೊಂಡ ಕೆನಡಾದ ವ್ಯಕ್ತಿಯೊಬ್ಬರ ಕಥೆ 2018ರಲ್ಲಿ ಹಾಂಗ್‌ಕಾಂಗ್‌ನ ಸೌತ್ ಚೈನಾ ಮಾರ್ನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಬಂತು. ಅವರು ಕೊಟ್ಟದ್ದು 2 ಲಕ್ಷ ಡಾಲರ್. ಸರ್ಟಿಫಿಕೇಟ್ ಆಮೇಲೆ ಬರುತ್ತದೆ ಎಂಬ ಮಾತು ನಂಬಿ ಕಾದರು, ಅದು ಬರಲಿಲ್ಲ. ಮದುವೆಯಾಗಬೇಕಿದ್ದ ಹುಡುಗಿ ಉಂಗುರದ ಬೆಲೆ ಕಟ್ಟಿಸಲು ಹೋದಾಗ ಕಲ್ಲು ಅಸಲಿಯಲ್ಲ ಎಂದು ತಿಳಿಯಿತು, ನಿಶ್ಚಯವೂ ಮುರಿಯಿತು ಎಂಬುದು ಅವರ ಆರೋಪ. ಹೆಸರುವಾಸಿ ಅಂಗಡಿ ಎಂಬ ಒಂದೇ ಕಾರಣಕ್ಕೆ ‘ಆಮೇಲೆ’ ಎಂಬ ಮಾತನ್ನು ಒಪ್ಪಬಾರದು.

ಕೈಗೆ ಬಂದ ಪತ್ರವನ್ನೂ ಪರೀಕ್ಷಿಸಬೇಕು. ಜಿಐಎ, ಐಜಿಐಯಂಥ ವಜ್ರ ಪರೀಕ್ಷಿಸುವ ಸಂಸ್ಥೆಗಳು ತಮ್ಮ ವರದಿಯನ್ನು ಜಾಲತಾಣದಲ್ಲಿ ನೋಡಲು ಅವಕಾಶ ಕೊಟ್ಟಿವೆ. ಸಂಸ್ಥೆಯ ವಿಳಾಸವನ್ನು ನಾವೇ ಟೈಪ್ ಮಾಡಿ ತೆರೆದು, ವರದಿಯ ಸಂಖ್ಯೆ ಹಾಕಿ ನೋಡಬೇಕು. ಕಾರ್ಡಿನ ಮೇಲಿನ ಕ್ಯೂಆರ್ ಕೋಡ್ ನಕಲಿ ಪುಟಕ್ಕೂ ಕರೆದೊಯ್ಯಬಹುದು. ಬಿಡಿ ಕಲ್ಲಾದರೆ ಅಂಚಿನಲ್ಲಿ ಲೇಸರ್‌ನಿಂದ ಕೆತ್ತಿದ ಸಂಖ್ಯೆ ಹತ್ತು ಪಟ್ಟಿನ ಮಸೂರದಲ್ಲಿ ಕಾಣುತ್ತದೆ. ಅದೂ ವರದಿಗೆ ಹೊಂದಬೇಕು. ಗಣಿ ವಜ್ರದ ಸಂಖ್ಯೆಯನ್ನು ಲ್ಯಾಬ್ ವಜ್ರದ ಮೇಲೆ ಕೆತ್ತಿದ ಉದಾಹರಣೆಗಳನ್ನೂ ಪ್ರಯೋಗಾಲಯಗಳು ಹಿಡಿದಿವೆ, ಆದ್ದರಿಂದ ತೂಕ, ಅಳತೆ ಎಲ್ಲವನ್ನೂ ತಾಳೆ ನೋಡುವುದೇ ಸರಿ. ಎಲ್ಲ ಪ್ರಯೋಗಾಲಯದ ಕೋಲೂ ಒಂದೇ ಉದ್ದದ್ದಲ್ಲ. ಬಣ್ಣ, ಸ್ವಚ್ಛತೆಯ ದರ್ಜೆಯನ್ನು ಏರಿಸಿ ಬರೆಯುತ್ತಾರೆಂಬ ದೂರಿನ ಮೇಲೆ 2014ರಲ್ಲಿ ರಾಪ್‌ನೆಟ್ ಎಂಬ ವಜ್ರ ವಹಿವಾಟು ಜಾಲ ಇಜಿಎಲ್ ಎಂಬ ಪ್ರಯೋಗಾಲಯದ ವರದಿಗಳನ್ನು ಪಟ್ಟಿಯಿಂದಲೇ ತೆಗೆದುಹಾಕಿತು.

ಪತ್ರದ ಜೊತೆಗೆ ಕಲ್ಲನ್ನು ನೋಡುವ ಬೆಳಕೂ ಮುಖ್ಯ. ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಆದಿಲ್‌ಶಾಹಿ ಸೀಮೆಯಲ್ಲಿದ್ದ ರಾವಲ್ಕೊಂಡ ಗಣಿಗೆ ಬಂದಿದ್ದ ಫ್ರೆಂಚ್ ವ್ಯಾಪಾರಿ ತವೆರ್ನಿಯೆ ಒಂದು ಸಂಗತಿ ಬರೆದಿಟ್ಟಿದ್ದಾನೆ. ಯುರೋಪಿನವರು ಕಲ್ಲಿನ ‘ನೀರು’, ಅಂದರೆ ಹೊಳಪನ್ನು ಹಗಲಲ್ಲಿ ನೋಡಿದರೆ, ಇಲ್ಲಿಯವರು ರಾತ್ರಿ ಗೋಡೆಯ ಗೂಡಿನಲ್ಲಿ ದಪ್ಪ ಬತ್ತಿಯ ದೀಪವಿಟ್ಟು ಆ ಒಂದೇ ಬೆಳಕಿನಲ್ಲಿ ನೋಡುತ್ತಿದ್ದರಂತೆ. ಯಾವ ಬೆಳಕಿನಲ್ಲಿ ನೋಡಬೇಕೆಂಬುದು ಅವರಿಗೆ ಲೆಕ್ಕದ ವಿಷಯವಾಗಿತ್ತು. ಇಂದಿನ ಮಳಿಗೆಯ ಸೂರಿನಲ್ಲಿ ನೂರಾರು ಪುಟ್ಟ ದೀಪಗಳಿವೆ. ಆ ಬೆಳಕಿನಲ್ಲಿ ಜಿರ್ಕೋನಿಯಾ ಕೂಡ ಧಗಧಗಿಸುತ್ತದೆ. ಉಂಗುರವನ್ನು ಬಾಗಿಲ ಬಳಿ ಹಗಲಿಗೆ ಹಿಡಿದು ನೋಡಿದರೆ ಹಳದಿ ಛಾಯೆಯಾದರೂ ಕಂಡೀತು. ನೋಡಲು ಬಿಡದ ಅಂಗಡಿಯಿಂದ ಎದ್ದು ಬರಬಹುದು.

ನಮ್ಮ ಕಡೆಯ ಓಲೆ, ಬೇಸರಿಗಳಲ್ಲಿ ಹಿಂಬದಿ ಮುಚ್ಚಿ ಕಲ್ಲು ಕಟ್ಟಿಸುವ ಹಳೆಯ ಪದ್ಧತಿ ಇದೆ. ಹಾಗೆ ಕಟ್ಟಿದ ಮೇಲೆ ಬಣ್ಣ, ಸ್ವಚ್ಛತೆ ಎರಡನ್ನೂ ಸರಿಯಾಗಿ ಅಳೆಯಲಾಗದು. ಅಜ್ಜಿಯ ಬೇಸರಿ ಮುರಿಸಿ ಹೊಸದು ಮಾಡಿಸುವ ಮನೆಗಳು ಕಲ್ಲನ್ನು ಬಿಚ್ಚಿಸುವಾಗ ಎದುರಿಗೇ ಇರಬೇಕು. ಒಂದೊಂದರ ತೂಕ ಬರೆಸಿಕೊಳ್ಳಬೇಕು, ಫೋಟೊ ತೆಗೆದಿಡಬೇಕು. ಕಲ್ಲು ಬದಲಾದದ್ದು ಆಮೇಲೆ ಗೊತ್ತಾದರೆ ಸಾಬೀತು ಮಾಡಲು ಕೈಯಲ್ಲಿ ಏನೂ ಇರುವುದಿಲ್ಲ.

ಇನ್ನು ತೂಕದ ಆಟ. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಅಂದರೆ ನೂರು ಸೆಂಟ್. ಎರಡೆರಡು ಸೆಂಟಿನ ಐವತ್ತು ಕಲ್ಲು ಸೇರಿದರೂ ‘ಒಂದು ಕ್ಯಾರೆಟ್’ ಆಗುತ್ತದೆ. ಒಂದೇ ಕಲ್ಲಿನ ಒಂದು ಕ್ಯಾರೆಟ್‌ನ ಬೆಲೆ ಅದರ ಹಲವು ಪಟ್ಟು. ಬಿಡಿ ಬಿಡಿಯಾಗಿ ಪರೀಕ್ಷೆಯಾಗದ ಇಂಥ ಪುಡಿ ಕಲ್ಲುಗಳ ನಡುವೆಯೇ ಲ್ಯಾಬ್ ಕಲ್ಲು ಬೆರೆಸುವುದು ಸುಲಭ. ವಜ್ರದ ಒಡವೆಯ ಚಿನ್ನದ ಶುದ್ಧತೆ ಹೆಚ್ಚಾಗಿ 18 ಅಥವಾ 14 ಕ್ಯಾರೆಟ್. ಬಿಲ್ಲಿನಲ್ಲಿ 22 ಕ್ಯಾರೆಟ್ ದರ ಬಿದ್ದಿದೆಯೇ, ಕಲ್ಲಿನ ತೂಕವನ್ನೂ ಚಿನ್ನಕ್ಕೆ ಸೇರಿಸಿ ಬೆಲೆ ಕಟ್ಟಿದ್ದಾರೆಯೇ ಎಂದು ನೋಡಬೇಕು.

ಎಲ್ಲವೂ ಕಡೆಗೆ ಬಿಲ್ಲಿಗೇ ಬಂದು ನಿಲ್ಲುತ್ತದೆ. ಚಿನ್ನದ ನಿವ್ವಳ ತೂಕ, ಕಲ್ಲುಗಳ ಸಂಖ್ಯೆ ಮತ್ತು ತೂಕ, ಬಣ್ಣ, ಸ್ವಚ್ಛತೆ, ವರದಿಯ ಸಂಖ್ಯೆ, ವಾಪಸ್ ಕೊಟ್ಟರೆ ನಗದು ಎಷ್ಟು, ಬದಲಿ ಒಡವೆಗಾದರೆ ಎಷ್ಟು ಎಂಬುದೆಲ್ಲ ಅದರಲ್ಲಿ ಇರಬೇಕು. ಎಲ್ಲಕ್ಕಿಂತ ಮೊದಲು ‘ಗಣಿಯ ವಜ್ರ’ ಅಥವಾ ‘ಲ್ಯಾಬ್ ವಜ್ರ’ ಎಂಬ ಪದ ಇರಬೇಕು. ಬರಿಯ ‘ಡೈಮಂಡ್’ ಎಂದು ಬರೆದು ಮುಗಿಸುವ ಅಂಗಡಿಯವರಿಗೆ ಆ ಪದ ಸೇರಿಸಿ ಕೊಡಿ ಎಂದು ಹೇಳಲು ಸಂಕೋಚ ಬೇಡ. 45 ರೂಪಾಯಿ ಶುಲ್ಕದಲ್ಲಿ ಪ್ರತಿ ಚಿನ್ನದೊಡವೆಗೂ ಗುರುತಿನ ಸಂಖ್ಯೆ ಕೊಡಲು ಸಾಧ್ಯವಾದ ಸರ್ಕಾರ, ಲಕ್ಷಗಟ್ಟಲೆ ಬೆಲೆಯ ಕಲ್ಲಿಗೂ ಅಂಥದ್ದೊಂದು ಕಡ್ಡಾಯ ವ್ಯವಸ್ಥೆ ತರಬೇಕು. ಅಲ್ಲಿಯವರೆಗೆ ಕೊಳ್ಳುವವರ ಬಲವೆಲ್ಲ ಬಿಲ್ಲಿನಲ್ಲೇ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ. ದೂರು ಕೊಡಲು ಇರುವ ಅವಧಿ ಎರಡು ವರ್ಷ.