ಕೀಲಿಕೈ ಕೊಟ್ಟವರು ಯಾರು?

ಹುಡುಗರು ಕೆಟ್ಟುಹೋದರೆಂದು ಊರೆಲ್ಲ ಗೊಣಗುತ್ತಿದೆ. ಸಂಜೆಯಾದರೆ ಸಾಕು, ಮೀಸೆ ಮೂಡದ ಪೋರರು ಒಂದು ಮೋಟಾರು ಸೈಕಲ್ಲಿಗೆ ಮೂವರಂತೆ ಏರಿ, ಮುಂದಿನ ಗಾಲಿಯನ್ನು ಗಾಳಿಗೆತ್ತಿ, ಜನರ ನಡುವೆಯೇ ನುಗ್ಗುತ್ತಾರೆ. 2024ರ ಆಗಸ್ಟಿನಲ್ಲಿ ನೆಲಮಂಗಲದ ಬಳಿ ರೋಸಿಹೋದ ಜನ ಇಂಥವರ ಎರಡು ಸ್ಕೂಟರುಗಳನ್ನು ಮೇಲ್ಸೇತುವೆಯಿಂದ ಕೆಳಕ್ಕೆಸೆದರು. ಅದಕ್ಕೆ ಚಪ್ಪಾಳೆ ತಟ್ಟಿದವರು ನಮ್ಮಲ್ಲೂ ಇದ್ದಾರೆ. ನಾವು ತಟ್ಟಲಾರೆವು. ಗಾಡಿ ಎಸೆದರೆ ಗಾಡಿ ಹೋಯಿತು, ಅಷ್ಟೆ. ಅದನ್ನು ಹುಡುಗನಿಗೆ ಮಾರಲು ಆಸೆ ಹುಟ್ಟಿಸಿದವರು ಕ್ಷೇಮವಾಗಿಯೇ ಇದ್ದಾರೆ.

2022ರ ಒಂದೇ ವರ್ಷದಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಕೇಂದ್ರ ಸರ್ಕಾರವೇ ಕೊಟ್ಟ ಲೆಕ್ಕವಿದು. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರದ ಮೇಲೆ ಹೊರಟವರು. ಯುದ್ಧದಲ್ಲಿ ಇಷ್ಟು ಜನ ಸತ್ತಿದ್ದರೆ ಪಾರ್ಲಿಮೆಂಟು ನಡುಗುತ್ತಿತ್ತು.

ಕಂಪೆನಿಗಳ ಜಾಹೀರಾತು ನೋಡಿ. ವೀರನೊಬ್ಬ ಕಣಿವೆ ಹಾರುತ್ತಾನೆ; ಕೆಳಗೆ ಇರುವೆಸಾಲಿನಂಥ ಅಕ್ಷರಗಳಲ್ಲಿ, ನುರಿತವರು ಮಾಡಿದ್ದು, ಅನುಕರಿಸಬೇಡಿ ಎಂದಿರುತ್ತದೆ. ಅನುಕರಿಸಬಾರದ್ದನ್ನು ತೋರಿಸಿ ಮಾರುವುದೇಕೆ ಸ್ವಾಮಿ? ವೇಗ ಇಮ್ಮಡಿಯಾದರೆ ಬ್ರೇಕು ಹಾಕಿದ ಮೇಲೆ ಗಾಡಿ ನಿಲ್ಲಲು ನಾಲ್ಕು ಪಾಲು ದೂರ ಬೇಕೆಂಬುದನ್ನಾಗಲಿ, ಮುಂದಿನ ಗಾಲಿ ಎದ್ದಾಗ ತಿರುಗಿಸುವ ಹಿಡಿತವೂ ಇಲ್ಲ, ಮುಂದಿನ ಬ್ರೇಕೂ ಇಲ್ಲವೆಂಬುದನ್ನಾಗಲಿ ಯಾವ ಜಾಹೀರಾತೂ ಹೇಳುವುದಿಲ್ಲ. ಗಾಡಿಯ ಜೊತೆ ಶಿರಸ್ತ್ರಾಣ ಕೊಡಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಕೇಳಿ ಪಡೆದವರೆಷ್ಟು ಮಂದಿ?

ಇನ್ನು ನಮ್ಮವರ ಮಾತು. ಮಗ ಹದಿನೈದಕ್ಕೇ ಗಾಡಿ ಓಡಿಸುತ್ತಾನೆಂದು ಮಿಲ್ಲಿನ ಪಾಳಿಯಲ್ಲಿ ಹೆಮ್ಮೆಪಡುವ ಅಪ್ಪಂದಿರನ್ನು ನಾವು ಕಂಡಿದ್ದೇವೆ. ಮಂಡಿಯಿಂದ ಎಣ್ಣೆಡಬ್ಬ ತರಲು, ಬಾಕಿ ವಸೂಲಿಗೆ ಅಟ್ಟಲು ಅಂಗಡಿಕಾರರಿಗೂ ಅದೇ ಹುಡುಗ ಬೇಕು. ಆಳಿನ ಸಂಬಳ ಉಳಿಯಿತಲ್ಲ! 1988ರ ಕಾಯಿದೆಯಂತೆ 18 ತುಂಬದವನು ಇಂಥ ಗಾಡಿ ಮುಟ್ಟುವಂತಿಲ್ಲ. 16 ತುಂಬಿದವನಿಗೆ 50 ಸಿ.ಸಿ.ಗೆ ಮೀರದ ಗೇರಿಲ್ಲದ ಬಂಡಿ ಮಾತ್ರ, ಅದೂ ಲೈಸೆನ್ಸಿದ್ದರೆ. 2019ರ ತಿದ್ದುಪಡಿಯ ಮೇಲೆ, ಅಪ್ರಾಪ್ತ ವಯಸ್ಕ ತಪ್ಪು ಮಾಡಿದರೆ ಪೋಷಕನೋ ಮಾಲೀಕನೋ ಹೊಣೆ: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸಿಲ್ಲ. ದಾರಿಹೋಕನೊಬ್ಬ ಸತ್ತರೆ ವಿಮಾ ಕಂಪೆನಿ ಪರಿಹಾರ ತೆತ್ತು, ಅದನ್ನು ಮಾಲೀಕನಿಂದಲೇ ವಸೂಲು ಮಾಡಬಹುದು. ಮನೆ ಅಂಗಡಿ ಎರಡೂ ಹೋದಾವು.

ದಂಡ ಬಡವನಿಗೆ ಭಾರವೆಂಬುದು ನಿಜ. ಉಳ್ಳವನು ಅದನ್ನು ಜೇಬಿನಿಂದ ತೆಗೆದು ಎಸೆದು ನಗುತ್ತಾನೆ. ಆದರೆ ಆ ನೆಪದಲ್ಲಿ ಕಾಯಿದೆಯನ್ನು ಸಡಿಲಿಸಿ ಎಂದು ನಾವು ಕೇಳುವುದಿಲ್ಲ. ಹಳ್ಳಿಯಿಂದ ಬರುವ ವಿದ್ಯಾರ್ಥಿಗೆ ಹೊತ್ತಿಗೆ ಸರಿಯಾಗಿ ಬಸ್ಸು ಕೊಡಿ, ಆಮೇಲೆ ಅವನ ಗಾಡಿ ಹಿಡಿಯಿರಿ ಎಂದು ಕೇಳುತ್ತೇವೆ. ಬಸ್ಸು ಬರುವ ತನಕ ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ: ಇಂದು ಪಾಳಿ ಮುಗಿಸಿ ಮನೆಗೆ ಹೋದವರು, ಗೋಡೆಯ ಮೊಳೆಯಲ್ಲಿ ಕೀಲಿಕೈ ಇದೆಯೇ ಎಂದು ಮೊದಲು ನೋಡಲಿ.