ಬಿಸಿಗಾಳಿ ಒಲೆಗೆ ಬ್ಲೋವರ್: ಮೊದಲು ಗಾಳಿಯ ಲೆಕ್ಕ, ಆಮೇಲೆ ಬೆಂಕಿ



ಮುಸುಕಿನ ಜೋಳದ ಕೊಯ್ಲಿಗೂ ಹಿಂಗಾರು ಮಳೆಗೂ ಇರುವ ನಂಟು ತಮಗೆ ಹೊಸದಲ್ಲ. ಅಕ್ಟೋಬರ್ ಕಡೆಯಲ್ಲಿ ತೆನೆ ಮುರಿದು, ಯಂತ್ರಕ್ಕೆ ಕೊಟ್ಟು ಕಾಳು ಬಿಡಿಸಿ, ಕಣದಲ್ಲೋ ರಸ್ತೆಯ ಮೇಲೋ ಹರವಿದ ದಿನವೇ ಮೋಡ ಕಟ್ಟುತ್ತದೆ. ಟಾರ್ಪಾಲಿನ ಕೆಳಗೆ ಎರಡು ದಿನ ಮುಚ್ಚಿಟ್ಟ ಕಾಳಿನೊಳಗೆ ಕೈಯಿಟ್ಟರೆ ಬೆಚ್ಚಗಿರುತ್ತದೆ. ಮೂರನೆಯ ದಿನಕ್ಕೆ ಮುಗ್ಗಲು ವಾಸನೆ. ಈ ಬೂಷ್ಟಿನಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರವೂ ಸೇರಿರಬಹುದು. ಅದು ಉಂಟುಮಾಡುವ ಅಫ್ಲಾಟಾಕ್ಸಿನ್ ಎಂಬ ವಿಷ ಕೋಳಿಗೂ ದನಕ್ಕೂ ಮನುಷ್ಯನಿಗೂ ಕೆಟ್ಟದ್ದು. ಆಮೇಲೆ ಎಷ್ಟು ಒಣಗಿಸಿದರೂ, ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ.

ಈ ಕಷ್ಟಕ್ಕೆ ಪರಿಹಾರವೆಂದು ಕೆಲವರು ಬಿಸಿಗಾಳಿ ಒಲೆಗಳನ್ನು ಮಾಡಿಸಿಕೊಳ್ಳುತ್ತಿದ್ದಾರೆ. ಇದು ಒಳ್ಳೆಯದೇ. ಆದರೆ ನಾನು ನೋಡಿದ ಒಲೆಗಳಲ್ಲಿ ಹೆಚ್ಚಿನವುಗಳಲ್ಲಿ ಒಂದೇ ದೋಷ ಕಂಡಿದೆ. ಹಣವೆಲ್ಲ ಬೆಂಕಿಯ ಗೂಡಿಗೆ, ಕಬ್ಬಿಣದ ಕೊಳವೆಗಳಿಗೆ, ಹೊಗೆಕೊಳವೆಗೆ ಖರ್ಚಾಗಿ, ಗಾಳಿ ತಳ್ಳುವ ಬ್ಲೋವರ್ ಮಾತ್ರ ಕಡೆಯಲ್ಲಿ ಸಿಕ್ಕಿದ್ದನ್ನು ಸಿಕ್ಕಿಸಿದಂತಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಇದು ತಲೆಕೆಳಗಾದ ಕ್ರಮ. ಬ್ಲೋವರ್ ಎಷ್ಟು ಗಾಳಿಯನ್ನು ಎಷ್ಟು ಒತ್ತಡದಲ್ಲಿ ಕೊಡಬೇಕೆಂದು ಮೊದಲು ಗೊತ್ತುಮಾಡಿಕೊಂಡು, ಆ ಗಾಳಿಗೆ ತಕ್ಕ ಒಲೆಯನ್ನು ಕಟ್ಟಿಸಬೇಕು. ನಾನು ಬೇಸಾಯಶಾಸ್ತ್ರದವನು, ಯಂತ್ರದ ವಿಷಯ ನಿನಗೇಕೆ ಎಂದು ಎಂಜಿನಿಯರ್ ಮಿತ್ರರು ಕೇಳಬಹುದು. ಬೆಳೆದ ಕಾಳು ಕಣದಲ್ಲಿ ಕೊಳೆತರೆ ನಾವು ಹೇಳಿದ ತಳಿ, ಗೊಬ್ಬರ, ಅಂತರ ಎಲ್ಲವೂ ಅಲ್ಲಿಗೇ ಮುಗಿಯಿತು. ಅದಕ್ಕಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತೆಗೆಯಬೇಕು. ಕಮ್ಮಾರನ ತಿದಿ ಬೆಂಕಿಗೆ ಗಾಳಿ ಊದುತ್ತದೆ. ನಮ್ಮ ಬ್ಲೋವರಿನ ಕೆಲಸ ಅದಲ್ಲ. ಬಿಸಿಗಾಳಿ ಒಲೆಯಲ್ಲಿ ಬೆಂಕಿ ಮತ್ತು ಹೊಗೆ ಕಬ್ಬಿಣದ ಕೊಳವೆಗಳ ಒಳಗೆ ಹಾದು ಹೊಗೆಕೊಳವೆಯಿಂದ ಮೇಲೆ ಹೋಗುತ್ತವೆ. ಶುದ್ಧ ಗಾಳಿ ಆ ಕೊಳವೆಗಳ ಹೊರಮೈಯನ್ನು ಸವರಿಕೊಂಡು ಬಿಸಿಯಾಗಿ, ಪೆಟ್ಟಿಗೆಯ ತಳದ ಗಾಳಿಕೋಣೆ ಸೇರಿ, ತೂತಿನ ತಗಡಿನ ಮೂಲಕ ಕಾಳಿನೊಳಗೆ ಏರುತ್ತದೆ. ಬ್ಲೋವರ್ ತಳ್ಳುವುದು ಈ ಶುದ್ಧ ಗಾಳಿಯನ್ನು. ಕಾಳಿನ ನೀರನ್ನು ಹೊತ್ತು ಹೊರಗೆ ಒಯ್ಯುವುದು ಗಾಳಿಯೇ. ಗಾಳಿಗೆ ಹೊರುವ ಶಕ್ತಿ ಕೊಡುವುದಷ್ಟೇ ಬೆಂಕಿಯ ಪಾತ್ರ.

ಹಾಗಾದರೆ ಎಷ್ಟು ಗಾಳಿ ಬೇಕು? ಒಂದು ಟನ್ ಕಾಳಿನ ಲೆಕ್ಕ ಮಾಡೋಣ. ಶೇಕಡ 24ರಷ್ಟು ತೇವಾಂಶವಿರುವ ಒಂದು ಟನ್ ಮುಸುಕಿನ ಜೋಳವನ್ನು ಶೇಕಡ 14ಕ್ಕೆ ಇಳಿಸಲು ಸುಮಾರು 116 ಕಿ.ಗ್ರಾಂ. ನೀರನ್ನು ತೆಗೆಯಬೇಕು, ಎಂದರೆ ಎಂಟು ಕೊಡದಷ್ಟು. ಮೋಡದ ದಿನ ಹೊರಗಿನ ಗಾಳಿ 25 ಡಿಗ್ರಿ ಸೆ. ಉಷ್ಣತೆಯಲ್ಲಿದ್ದು, ಅದರ ಸಾಪೇಕ್ಷ ಆರ್ದ್ರತೆ ಶೇಕಡ 85 ಇದೆಯೆಂದು ಇಟ್ಟುಕೊಳ್ಳಿ. ಅದನ್ನು 45 ಡಿಗ್ರಿಗೆ ಕಾಯಿಸಿದರೆ ಆರ್ದ್ರತೆ ಶೇಕಡ 28ಕ್ಕೆ ಇಳಿದು ಗಾಳಿ ಬಾಯಾರುತ್ತದೆ. ಹೀಗೆ ಬಾಯಾರಿದ ಗಾಳಿಯೂ ಕಾಳಿನ ಹಾಸನ್ನು ದಾಟುವಾಗ ಒಂದು ಘನ ಮೀಟರಿಗೆ ಸುಮಾರು 6 ಗ್ರಾಂ ನೀರನ್ನಷ್ಟೇ ಹೊತ್ತೊಯ್ಯಬಲ್ಲದು. 116 ಕಿ.ಗ್ರಾಂ. ನೀರಿಗೆ ಸುಮಾರು 19,000 ಘನ ಮೀಟರ್ ಗಾಳಿ ಬೇಕಾಯಿತು. ಇದನ್ನು ಹತ್ತು ಗಂಟೆಯಲ್ಲಿ ಮುಗಿಸಬೇಕಾದರೆ ನಿಮಿಷಕ್ಕೆ ಸುಮಾರು 32 ಘನ ಮೀಟರ್. ಈ ಒಂದು ಅಂಕಿಯನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ.

ಬ್ಲೋವರ್ ಇಲ್ಲದೆ, ಬಿಸಿಗಾಳಿ ತಾನಾಗಿಯೇ ಮೇಲೇರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಏರುತ್ತದೆ. ಪಿರಿಯಾಪಟ್ಟಣ, ಹುಣಸೂರು ಕಡೆಯ ತಂಬಾಕಿನ ಬ್ಯಾರನ್ನುಗಳೂ ಮಲೆನಾಡಿನ ಹಳೆಯ ಏಲಕ್ಕಿ ಗೂಡುಗಳೂ ಹಾಗೆಯೇ ನಡೆದುಬಂದವು. ಆದರೆ ಅಲ್ಲಿ ತಂಬಾಕಿನ ಎಲೆ ಬಿಡಿಬಿಡಿಯಾಗಿ ತೂಗುತ್ತದೆ, ಏಲಕ್ಕಿಯನ್ನು ತಟ್ಟೆಗಳಲ್ಲಿ ತೆಳ್ಳಗೆ ಹರಡಿರುತ್ತಾರೆ; ಗಾಳಿಗೆ ಅಡ್ಡಿಯೇ ಇಲ್ಲ. ಮೂರು ಮೀಟರ್ ಎತ್ತರದ 45 ಡಿಗ್ರಿ ಬಿಸಿಗಾಳಿ ತಾನಾಗಿ ಕೊಡುವ ಒತ್ತಡ, ನೀರಿನ ಮಟ್ಟದಲ್ಲಿ ಹೇಳುವುದಾದರೆ, ಒಂದು ಮಿಲಿಮೀಟರಿನ ಐದನೆಯ ಒಂದು ಭಾಗ ಮಾತ್ರ. ಒಂದೂವರೆ ಅಡಿ ದಪ್ಪದ ಕಾಳಿನ ಹಾಸಿನಲ್ಲಿ ಮೇಲೆ ಹೇಳಿದಷ್ಟು ಗಾಳಿಯನ್ನು ನುಗ್ಗಿಸಲು 16-17 ಮಿ.ಮೀ. ಬೇಕು. ಈ ಅಂತರವನ್ನು ಯಾವ ಬೆಂಕಿಯೂ ತುಂಬಲಾರದು.

ಇನ್ನು ಪೆಟ್ಟಿಗೆಯ ಅಳತೆ. ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಪೆಟ್ಟಿಗೆಯಲ್ಲಿ ಒಂದು ಟನ್ ಕಾಳು ಸುಮಾರು 46 ಸೆಂ.ಮೀ. ದಪ್ಪ ನಿಲ್ಲುತ್ತದೆ. ಜಾಗ ಉಳಿಸಲೆಂದು ಅದೇ ಪೆಟ್ಟಿಗೆಯ ಗೋಡೆ ಎತ್ತರಿಸಿ ಎರಡು ಟನ್ ತುಂಬುವ ಆಸೆ ಎಲ್ಲರಿಗೂ ಬರುತ್ತದೆ. ಇಲ್ಲಿಯೇ ಮೋಸಹೋಗುವುದು. ಟನ್ನಿಗೆ ಅಷ್ಟೇ ಗಾಳಿ ಕೊಡಬೇಕಾದರೆ ಗಾಳಿಯ ವೇಗ ಇಮ್ಮಡಿಯಾಗಬೇಕು, ಅದು ಹಾಯುವ ದಪ್ಪವೂ ಇಮ್ಮಡಿ. ಕಾಳಿನಲ್ಲಿ ಬೇಕಾಗುವ ಒತ್ತಡ 17 ಮಿ.ಮೀ.ನಿಂದ ಸುಮಾರು 100 ಮಿ.ಮೀ.ಗೆ, ಎಂದರೆ ಆರು ಪಟ್ಟಿಗೆ ಏರುತ್ತದೆ. ಗಾಳಿ ಎರಡು ಪಟ್ಟು, ಒತ್ತಡ ಆರು ಪಟ್ಟು: ಕಾಳಿಗಾಗಿ ಖರ್ಚಾಗುವ ಅಶ್ವಶಕ್ತಿ ಹನ್ನೆರಡು ಪಟ್ಟು! ಅದರ ಬದಲು ಪೆಟ್ಟಿಗೆಯ ಅಗಲವನ್ನು ಇಮ್ಮಡಿ ಮಾಡಿದರೆ ಒತ್ತಡ ಅಷ್ಟೇ ಇದ್ದು ಅಶ್ವಶಕ್ತಿ ಎರಡೇ ಪಟ್ಟು ಸಾಕು. ಆಳವಾದ ಪೆಟ್ಟಿಗೆ ತೋರಿಸಿ ಮಾರುವವರ ಮಾತಿಗೆ ತಲೆದೂಗುವ ಮೊದಲು ಈ ಲೆಕ್ಕ ನೆನಪಿರಲಿ. ಫಿಲಿಪೈನ್ಸಿನ ಲಾಸ್ ಬಾನ್ಯೋಸ್ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಭತ್ತಕ್ಕೆಂದು ರೂಪಿಸಿದ ಪೆಟ್ಟಿಗೆಯೂ ಇಂಥ ಅಗಲವಾದ, ಆಳ ಕಡಿಮೆಯ ಪೆಟ್ಟಿಗೆಯೇ.

ಕಾಳಿಗೆ 17 ಮಿ.ಮೀ., ಒಲೆಯ ಕೊಳವೆಗಳ ಸಂದು, ತಿರುವು ಮತ್ತು ತೂತಿನ ತಗಡಿಗೆ ಸುಮಾರು 10 ಮಿ.ಮೀ., ದೂಳು ನುಚ್ಚಿಗೆಂದು ಸ್ವಲ್ಪ ಹೆಚ್ಚಿಗೆ ಸೇರಿಸಿ 30 ಮಿ.ಮೀ. ಎಂದು ಹಿಡಿಯೋಣ. ನಿಮಿಷಕ್ಕೆ 32 ಘನ ಮೀಟರ್ ಗಾಳಿಯನ್ನು 30 ಮಿ.ಮೀ. ಒತ್ತಡದಲ್ಲಿ ಕೊಡುವ ಬ್ಲೋವರಿಗೆ, ಅದರ ದಕ್ಷತೆ ಶೇಕಡ 45 ಮಾತ್ರವೆಂದು ಎಣಿಸಿದರೂ, ಅರ್ಧ ಅಶ್ವಶಕ್ತಿ ಸಾಲುತ್ತದೆ. ಅನುಕೂಲಕ್ಕೆ ಒಂದು ಅಶ್ವಶಕ್ತಿಯ ಮೋಟಾರು ಹಾಕಬಹುದು. ಇದು ಸಿಂಗಲ್ ಫೇಸಿನಲ್ಲಿ ನಡೆಯುತ್ತದೆಂಬುದು ದೊಡ್ಡ ಅನುಕೂಲ. ಪಂಪ್‌ಸೆಟ್ಟಿನ ಲೈನಿಗೆ ಮೂರು ಫೇಸ್ ಬರುವ ಕೆಲವೇ ಗಂಟೆಗಳನ್ನು ಕಾದು ಕುಳಿತರೆ ಕಾಳು ನಮಗಾಗಿ ಕಾಯುವುದಿಲ್ಲ.

ಬ್ಲೋವರಿನ ಜಾತಿಯ ಬಗ್ಗೆ ನನ್ನ ಅಭಿಪ್ರಾಯ ಖಚಿತ. ಗೋಡೆಗೆ ಹಾಕುವ ಎಕ್ಸಾಸ್ಟ್ ಫ್ಯಾನು, ಕಣದಲ್ಲಿ ತೂರುವ ಫ್ಯಾನು ಇವು ಬೇಡ. ಬಯಲಿನಲ್ಲಿ ಇವು ಬೇಕಾದಷ್ಟು ಗಾಳಿ ಬೀಸುತ್ತವೆ, ನಿಜ. ಎದುರಿಗೆ ಅಡ್ಡಿ ಬಂದರೆ ಕೆಲವು ಮಿಲಿಮೀಟರಿಗೇ ಸೋತು, ಗಾಳಿ ರೆಕ್ಕೆಗಳ ಸಂದಿಯಿಂದ ಹಿಂದಕ್ಕೆ ಮರಳುತ್ತದೆ. ಒಂದು ಊರಿನಲ್ಲಿ ತೂರುವ ಫ್ಯಾನನ್ನೇ ಒಲೆಗೆ ಜೋಡಿಸಿ, ಮೂರು ಅಡಿ ಕಾಳು ತುಂಬಿ, ರಾತ್ರಿಯಿಡೀ ಬೆಂಕಿ ಹಾಕಿದ್ದರು. ಬೆಳಿಗ್ಗೆ ತಳದ ಕಾಳು ಅತಿಯಾಗಿ ಒಣಗಿ ಬಿರುಕು ಬಿಟ್ಟಿತ್ತು. ಮೇಲಿನ ಕಾಳು ಮೊದಲಿಗಿಂತ ಹೆಚ್ಚು ಒದ್ದೆಯಾಗಿತ್ತು. ತಳದಿಂದ ಎದ್ದ ಹಬೆ ಮೇಲಿನ ತಣ್ಣನೆಯ ಕಾಳಿನಲ್ಲಿ ನೀರಾಗಿ ನಿಂತಿತ್ತು. ಮನೆಯ ಯಜಮಾನರು ‘ಬೆಂಕಿ ಸಾಲಲಿಲ್ಲ ಸಾರ್’ ಎಂದರು. ನಿಜವಾಗಿ ಸಾಲದಿದ್ದದ್ದು ಗಾಳಿ. ಕಾಳನ್ನು ಒಂದೂವರೆ ಅಡಿಗೆ ಇಳಿಸಿ, ಬೇರೆ ಬ್ಲೋವರ್ ಹಾಕಿದ ಮೇಲೆ ಅದೇ ಒಲೆ ಕೆಲಸ ಮಾಡಿತು.

ಬಸವನಹುಳುವಿನ ಚಿಪ್ಪಿನಂಥ ಕವಚದೊಳಗೆ ತಿರುಗುವ, ನಡುವಿನಿಂದ ಗಾಳಿ ಎಳೆದು ಅಂಚಿನಿಂದ ಎಸೆಯುವ ಬ್ಲೋವರ್ ನಮಗೆ ಬೇಕು. ಅದರಲ್ಲಿಯೂ ರೆಕ್ಕೆಗಳು ತಿರುಗುವ ದಿಕ್ಕಿಗೆ ವಿರುದ್ಧವಾಗಿ ಹಿಂದಕ್ಕೆ ಬಾಗಿರಲಿ. ಮುಂದಕ್ಕೆ ಬಾಗಿದ ಸಣ್ಣ ರೆಕ್ಕೆಗಳ ಬ್ಲೋವರ್ ಅಗ್ಗ, ಸದ್ದೂ ಕಡಿಮೆ. ಆದರೆ ಪೆಟ್ಟಿಗೆ ಖಾಲಿಯಿದ್ದು ಅಡ್ಡಿ ಇಲ್ಲದಾಗ ಅದು ಮಿತಿಮೀರಿ ಗಾಳಿ ನುಂಗಿ ಮೋಟಾರನ್ನು ಸುಡುತ್ತದೆ. ಹಿಂದಕ್ಕೆ ಬಾಗಿದ್ದಕ್ಕೆ ಈ ಚಟವಿಲ್ಲ. ನಮ್ಮ ಒಂದು ಟನ್ನಿನ ಪೆಟ್ಟಿಗೆಗೆ ನಿಮಿಷಕ್ಕೆ 1440 ಸುತ್ತಿನ ಮೋಟಾರಿನ ದಂಡಕ್ಕೇ ನೇರವಾಗಿ ಕೂಡಿಸಿದ, 35ರಿಂದ 40 ಸೆಂ.ಮೀ. ವ್ಯಾಸದ ರೆಕ್ಕೆಚಕ್ರ ಸರಿಹೊಂದುತ್ತದೆ. ಗಾಳಿ ಎಳೆಯುವ ಬಾಯಿಯನ್ನು ಗೋಡೆಗೆ ಒತ್ತಿ ಇಡಬಾರದು. ಚಕ್ರದ ವ್ಯಾಸದಷ್ಟಾದರೂ ದೂರ ಬಿಡಬೇಕು.

ಗಾಳಿ ಸಾಲದೆಂದು ಪುಲ್ಲಿ ಬದಲಿಸಿ ವೇಗ ಹೆಚ್ಚಿಸುವ ಅಭ್ಯಾಸವೂ ಉಂಟು. ವೇಗವನ್ನು ಶೇಕಡ 20 ಹೆಚ್ಚಿಸಿದರೆ ಗಾಳಿ ಶೇಕಡ 20 ಹೆಚ್ಚುತ್ತದೆ, ಆದರೆ ಬೇಕಾಗುವ ಶಕ್ತಿ ಶೇಕಡ 70ಕ್ಕೂ ಹೆಚ್ಚು ಏರುತ್ತದೆ. ಇದನ್ನು ಪುಸ್ತಕದಲ್ಲಿ ಓದಿದ್ದ ನಾನೇ ಅವಸರದಲ್ಲಿ ಒಮ್ಮೆ ಮರೆತು, ಒಂದು ಮೋಟಾರಿನ ಸುರುಳಿ ಸುಟ್ಟಿದ್ದೇನೆ.

ಬ್ಲೋವರನ್ನು ಒಲೆಗೆ ಮೊದಲು ಇಡಬೇಕೋ, ಒಲೆಯ ನಂತರವೋ? ಎರಡನ್ನೂ ಮಾಡುವವರಿದ್ದಾರೆ. ನಾನು ಮೊದಲು ಇಡುವ ಪಕ್ಷದವನು. ಆಗ ಅದರೊಳಗೆ ಹಾಯುವುದು ತಣ್ಣನೆಯ ಗಾಳಿ. ಬೇರಿಂಗಿನ ಗ್ರೀಸು ಕರಗುವುದಿಲ್ಲ. ಇನ್ನೂ ಮುಖ್ಯವಾದದ್ದು ಹೊಗೆಯ ವಿಷಯ. ಕಬ್ಬಿಣದ ಕೊಳವೆ ಎರಡು ಮೂರು ವರ್ಷಕ್ಕೆ ಎಲ್ಲಾದರೂ ತೂತು ಬಿದ್ದೇ ಬೀಳುತ್ತದೆ. ಬ್ಲೋವರ್ ಹಿಂದಿನಿಂದ ತಳ್ಳುತ್ತಿದ್ದರೆ ಆ ತೂತಿನಲ್ಲಿ ಶುದ್ಧ ಗಾಳಿ ಹೊಗೆಯ ಕಡೆಗೆ ನುಗ್ಗುತ್ತದೆ. ಮುಂದಿನಿಂದ ಎಳೆಯುತ್ತಿದ್ದರೆ ಹೊಗೆಯೇ ಕಾಳಿಗೆ ಬರುತ್ತದೆ. ಜೋಳಕ್ಕೆ ಹೊಗೆ ವಾಸನೆ ಬಂದರೆ ಒಂದಿಷ್ಟು ಬೆಲೆ ಹೋದೀತು. ಅದೇ ಒಲೆಯಲ್ಲಿ ಮುಂದೆ ಏಲಕ್ಕಿಯನ್ನೋ ಕೊಬ್ಬರಿಯನ್ನೋ ಒಣಗಿಸುವವರಿಗೆ ನಷ್ಟ ದೊಡ್ಡದು.

ಇಷ್ಟಾದ ಮೇಲೆ ಬೆಂಕಿಯ ಲೆಕ್ಕ ಸುಲಭ. ಮೇಲಿನ ಗಾಳಿಯನ್ನು 20 ಡಿಗ್ರಿ ಹೆಚ್ಚು ಕಾಯಿಸಲು, ಒಲೆ ಅರ್ಧ ಶಾಖವನ್ನು ವ್ಯರ್ಥ ಮಾಡಿದರೂ, ಗಂಟೆಗೆ ಸುಮಾರು 6 ಕಿ.ಗ್ರಾಂ. ಒಣ ಸೌದೆ ಸಾಕು. ಹತ್ತು ಗಂಟೆಗೆ 60 ಕಿ.ಗ್ರಾಂ. ತೆನೆಯ ತೂಕದಲ್ಲಿ ದಿಂಡು ಸುಮಾರು ಐದರಲ್ಲಿ ಒಂದು ಪಾಲು. ಒಂದು ಟನ್ ಕಾಳು ಬಿಡಿಸಿದಾಗ ಉಳಿಯುವ ದಿಂಡನ್ನು ನೆನೆಯದಂತೆ ಕಾಪಾಡಿಕೊಂಡರೆ ಸೌದೆ ಕೊಳ್ಳುವ ಮಾತೇ ಇಲ್ಲ. ಉರಿ ಹೆಚ್ಚಿಸಿ ಬೇಗ ಮುಗಿಸುವ ಆತುರ ಬೇಡ. ಬಿತ್ತನೆಯ ಕಾಳಿಗೆ ಗಾಳಿ 43 ಡಿಗ್ರಿ ದಾಟಕೂಡದು. ದಾಟಿದರೆ ಮೊಳಕೆ ಹೋಗುತ್ತದೆ. ಮಾರುವ ಕಾಳಿಗೂ ಇಂಥ ಪೆಟ್ಟಿಗೆಯಲ್ಲಿ 45 ಡಿಗ್ರಿಯೇ ಲೇಸು, ನಡುವೆ ಒಮ್ಮೆ ಕಾಳನ್ನು ಮಗುಚಬೇಕು. ತುಂಬುವ ಮೊದಲು ಜರಡಿಯಾಡಿಸಿ ನುಚ್ಚು, ಸಿಪ್ಪೆ ತೆಗೆಯಬೇಕು. ನುಚ್ಚು ಸೇರಿದ ಕಡೆ ಗಾಳಿಯ ದಾರಿ ಕಟ್ಟುತ್ತದೆ.

ವಿದ್ಯುತ್ತು ಹೋದಾಗ ಎಚ್ಚರವಿರಬೇಕು. ಗಾಳಿ ನಿಲ್ಲುತ್ತದೆ, ಬೆಂಕಿ ನಿಲ್ಲುವುದಿಲ್ಲ. ಕೊಳವೆಗಳು ಕೆಂಪಗೆ ಕಾದು ಬಾಗುತ್ತವೆ, ಅಲ್ಲಿ ಕುಳಿತ ಸಿಪ್ಪೆ ಹೊತ್ತಿಕೊಳ್ಳಬಹುದು. ಒಲೆಗೂ ಗಾಳಿಕೋಣೆಗೂ ನಡುವೆ, ಬಿಸಿಯನ್ನು ಹೊರಗೆ ಬಿಡುವ ಒಂದು ಬಾಗಿಲು ಇರಲೇಬೇಕು. ಕರೆಂಟು ಹೋದೊಡನೆ ಅದನ್ನು ತೆರೆದು, ಬೂದಿಯ ಬಾಯಿ ಮುಚ್ಚಿ, ಕೆಂಡ ಎಳೆದು ಹಾಕಲು ಒಬ್ಬರು ಹತ್ತಿರವಿರಬೇಕು. ರಾತ್ರಿ ಒಲೆ ಉರಿಸಿಟ್ಟು ಮಲಗುವುದು ಸರ್ವಥಾ ಬೇಡ.

ಬಿಸಿಲಿರುವಾಗ ಈ ಖರ್ಚೇಕೆ ಎನ್ನುವವರ ಮಾತನ್ನು ನಾನು ಒಪ್ಪುತ್ತೇನೆ. ಒಳ್ಳೆಯ ಬಿಸಿಲಿದ್ದರೆ ಕಣವೇ ಸಾಕು. ಮೋಡ ಚದುರಿದ ಮಧ್ಯಾಹ್ನ ಬೆಂಕಿಯಿಲ್ಲದೆ ಬರಿಯ ಬ್ಲೋವರ್ ನಡೆಸಿದರೂ ಕಾಳು ಬಿಸಿಯೇಳದೆ ಉಳಿಯುತ್ತದೆ. ವರ್ಷದಲ್ಲಿ ಹತ್ತು ಹದಿನೈದು ದಿನ ಬೇಕಾಗುವ ಈ ಸಾಧನವನ್ನು ಒಬ್ಬರೇ ಕೊಳ್ಳುವುದಕ್ಕಿಂತ ನಾಲ್ಕಾರು ಮನೆಯವರು ಸೇರಿ ಮಾಡಿಸಿಕೊಳ್ಳುವುದು ಮೇಲು.

ಕೊಳ್ಳುವಾಗ ‘ಎಷ್ಟು ಎಚ್.ಪಿ.?’ ಎಂದು ಮಾತ್ರ ಕೇಳಿ ಬರಬೇಡಿ. ನಿಮಿಷಕ್ಕೆ ಎಷ್ಟು ಘನ ಮೀಟರ್, ಅದೂ ಎಷ್ಟು ಮಿ.ಮೀ. ಒತ್ತಡದಲ್ಲಿ ಎಂದು ಕೇಳಿ, ರಸೀದಿಯ ಮೇಲೆ ಬರೆಸಿಕೊಳ್ಳಿ. ಬಯಲಿನಲ್ಲಿ ಬೀಸುವ ಗಾಳಿಯ ಅಂಕಿ ನಮಗೆ ಬೇಡ.

ಕೂಡಿಸಿದ ಮೇಲೆ ಪರೀಕ್ಷೆಯನ್ನು ತಾವೇ ಮಾಡಬಹುದು. ಗಾರೆಯವರು ಮಟ್ಟ ನೋಡುವ ಪಾರದರ್ಶಕ ಪೈಪು ಎರಡು ಮೀಟರ್ ಸಾಕು. ಅದನ್ನು ‘ಯು’ ಆಕಾರದಲ್ಲಿ ಹಲಗೆಗೆ ಕಟ್ಟಿ, ಅರ್ಧದವರೆಗೆ ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಕಾಳಿನ ತಳದ ಗಾಳಿಕೋಣೆಯ ಗೋಡೆಯಲ್ಲಿ ಕೊರೆದ ಸಣ್ಣ ತೂತಿಗೆ ಸಿಕ್ಕಿಸಿ. ಇನ್ನೊಂದು ತುದಿ ತೆರೆದಿರಲಿ. ಬ್ಲೋವರ್ ನಡೆಯುತ್ತಿರುವಾಗ ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸವೇ ಒತ್ತಡ. ಒಂದೂವರೆ ಅಡಿ ಕಾಳು ತುಂಬಿದಾಗ 15ರಿಂದ 20 ಮಿ.ಮೀ. ತೋರಿಸಿದರೆ ಗಾಳಿ ಸರಿಯಾಗಿ ಹೋಗುತ್ತಿದೆ. ಐದಾರು ತೋರಿಸಿದರೆ ಬ್ಲೋವರ್ ಸೋತಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಮೂವತ್ತರ ಹತ್ತಿರ ಏರಿ, ಮೇಲೆ ಕೈಯಿಟ್ಟರೆ ಗಾಳಿಯೇ ತಾಕದಿದ್ದರೆ ನುಚ್ಚು ಕಟ್ಟಿದೆ ಅಥವಾ ಕಾಳು ಹೆಚ್ಚು ತುಂಬಿದ್ದೀರಿ. ಈ ಅಳತೆಯನ್ನೂ ಪೆಟ್ಟಿಗೆಯ ಉದ್ದ, ಅಗಲ, ಕಾಳಿನ ದಪ್ಪವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ತಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಬಂದರೆ, ಬ್ಲೋವರ್ ಬದಲಿಸಬೇಕೋ ಪೆಟ್ಟಿಗೆಯನ್ನೋ ಎಂಬುದನ್ನು ಕುಳಿತಲ್ಲಿಯೇ ಲೆಕ್ಕ ಹಾಕಬಹುದು.